ಇಬ್ಬನಿ ಆರುವವರೆಗೆ ಕಾಯುವ ಬಳ್ಳಿಗೌರಿಯ ಕಥೆ

ಬತ್ತಿ ಸರಿಮಾಡಿ, ಕೈಯಲ್ಲಿ ಅಕ್ಷತೆ ಹಿಡಿದು, ಬಳ್ಳಿಗೌರಿಯ ಕಥೆಯನ್ನು ಕೇಳುವಂಥವರಾಗಿರಿ.

ಬೆಟ್ಟದ ಬುಡದ ಒಂದು ಊರಿನಲ್ಲಿ ಸಾವಂತ್ರಿ ಎಂಬವಳಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಇದ್ದದ್ದು ಒಂದು ತುಂಡು ಹೊಲ, ಅದರಲ್ಲಿ ಕೋಲು ಊರಿ ಹಬ್ಬಿಸಿದ ಹುರುಳಿಕಾಯಿ ಬಳ್ಳಿ, ಮತ್ತು ವ್ರತವನ್ನು ಕಲಿಸಿಕೊಟ್ಟ ಅತ್ತೆ.

ವ್ರತವೆಂದರೆ ಇಷ್ಟೇ. ಶುಕ್ರವಾರ ಸಂತೆ, ಅಂದೇ ಕೊಯ್ಲು. ಆ ಬೆಳಗ್ಗೆ ಬದುವಿನ ಮೇಲೆ ದೀಪವಿಟ್ಟು, ಎರಡು ಚಾಪೆ ಹಾಸಿ, ಇನ್ನೊಬ್ಬಳನ್ನು ಕೂರಿಸಿಕೊಂಡು ಗೌರಿಯ ಮಹಿಮೆ ಹೇಳಬೇಕು. ಎಲೆಯ ಮೇಲಿನ ಇಬ್ಬನಿ ಆರುವವರೆಗೆ ಬಳ್ಳಿ ಮುಟ್ಟಬಾರದು. ಆರಿದ ಮೇಲೆ ಕಿತ್ತ ಮೊದಲ ಹಿಡಿಯನ್ನು ಜೊತೆಗೆ ಕೂತವಳ ಮಡಿಲಿಗೆ ಹಾಕಿ, ಮಿಕ್ಕದ್ದನ್ನು ಸಂತೆಗೆ ಒಯ್ಯಬೇಕು. ಒಬ್ಬಳೇ ಕೂತರೆ ಮನಸ್ಸು ಆತುರಪಡುತ್ತದೆ, ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಜೊತೆ ಬೇಕೆಂದು ಅತ್ತೆ ಹೇಳುತ್ತಿದ್ದಳು.

ಒಂದು ಶುಕ್ರವಾರ ಸಾವಂತ್ರಿ ಸಂತೆಯಲ್ಲಿದ್ದಾಗ ಅತ್ತೆ ಪ್ರಾಣ ಬಿಟ್ಟಳು. ಬಾಯಿಗೆ ನೀರು ಬಿಟ್ಟವಳು ವಾರಗಿತ್ತಿ ಕೆಂಪಾಜಿ, ಅಂದರೆ ಮೈದುನನ ಹೆಂಡತಿ, ಪಕ್ಕದ ಹೊಲದವಳು. "ಅತ್ತೆ ನಿನ್ನ ಹೆಸರು ಕರೆದರು ಅಕ್ಕಾ. ನೀನು ಸಂತೇಲಿ ಕಾಯಿ ತೂಗ್ತಿದ್ದೆ," ಎಂದಳು. ಆ ಮಾತು ಎದೆಗೆ ನಾಟಿ, ಸಾವಂತ್ರಿ ಅವಳೊಡನೆ ಮಾತು ಬಿಟ್ಟಳು.

ಮುಂದಿನ ಕೊಯ್ಲು ಬಂದಿತು. ಕೇಳುವವರೇ ಇಲ್ಲದ ಮೇಲೆ ಹೇಳುವುದೇಕೆ, ಹೇಳದ ಮೇಲೆ ಕಾಯುವುದೇಕೆ ಎಂದುಕೊಂಡು, ದೀಪ ಹಚ್ಚದೆ, ಎಲೆಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಕಿತ್ತು, ಒದ್ದೆ ಕಾಯಿಯನ್ನೇ ಮೂಟೆ ಕಟ್ಟಿ, ಎಲ್ಲರಿಗಿಂತ ಮೊದಲು ಸಂತೆ ಸೇರಿದಳು. ಒದ್ದೆ ಕಾಯಿ ಮೂಟೆಯೊಳಗೇ ಬಿಸಿಯಾಗಿ ಲೋಳೆಗಟ್ಟಿತ್ತು. ವ್ಯಾಪಾರಿ ಮೂಟೆ ಬಿಚ್ಚಿ, "ಬೇಯಿಸಿಯೇ ತಂದಿದ್ದೀಯಲ್ಲವ್ವಾ! ಒಗ್ಗರಣೆಯೊಂದು ಹಾಕಿದ್ದರೆ ಊಟಕ್ಕೇ ಕೂತುಬಿಡ್ತಿದ್ದೆ," ಎನ್ನಲು ಸುತ್ತಲವರೆಲ್ಲ ನಕ್ಕರು.

ಅಷ್ಟಕ್ಕೇ ಮುಗಿಯಲಿಲ್ಲ. ಅವಳ ಒದ್ದೆ ಕೈ ಮುಟ್ಟಿದ ಬಳ್ಳಿಯಿಂದ ಬಳ್ಳಿಗೆ ತುಕ್ಕು ರೋಗ ಹತ್ತಿ, ಎಲೆ ಉದುರಿ, ಕೊನೆಗೆ ಕೈ ಸೋಕದಿದ್ದ ಬದುವಿನ ಅಂಚಿನ ಒಂದೇ ಸಾಲು ಉಳಿಯಿತು. ಅದೂ ಹೋದರೆ ಬರುವ ವರ್ಷಕ್ಕೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಆ ಊರಿನಲ್ಲಿ ಅವಳಿಗೆ ಏನೂ ಇಲ್ಲ.

ಆಗ ಮೊರ ಮಾರುವ ಮುದುಕಿಯೊಬ್ಬಳು ನೀರು ಕೇಳಿಕೊಂಡು ಬಂದಳು. ಸಾವಂತ್ರಿ ನೀರು ಕೊಟ್ಟು, ನಡೆದದ್ದನ್ನು ಹೇಳಿ, "ಜೊತೆಗೆ ಕೂರೋಕೆ ನನಗ್ಯಾರೂ ಇಲ್ಲಜ್ಜಿ," ಎಂದಳು.

"ಚಾಪೆ ಹಾಸಿದ್ದೆಯಾ?"

"ಇಲ್ಲ."

"ಹಾಸದ ಚಾಪೆ ಮೇಲೆ ಯಾರು ಬಂದು ಕೂರ್ತಾರೆ ಮಗಳೇ?"

ಚೊಂಬು ಒಳಗಿಟ್ಟು ಬರುವಷ್ಟರಲ್ಲಿ ಮುದುಕಿ ಇರಲಿಲ್ಲ. ಅವಳು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುವುದಾದರೆ, ಅವಳು ಸಾಕ್ಷಾತ್ ಬಳ್ಳಿಗೌರಿಯೇ.

ಶುಕ್ರವಾರ ಸಾವಂತ್ರಿ ಕೆಂಪಾಜಿಯ ಮನೆಗೆ ಹೋಗಿ, ಜೊತೆಗೆ ಕೂರಲು ಕರೆದಳು. "ನಮ್ಮ ಬಾಗಿಲು ಎಲ್ಲಿದೆ ಅಂತ ಈಗ ನೆನಪಾಯ್ತಾ ಅಕ್ಕಾ?" ಎಂದು ಕೆಂಪಾಜಿ ಒಳಗೆ ಹೋದಳು. ಸಾವಂತ್ರಿ ಬದುವಿಗೆ ಬಂದು, ದೀಪ ಹಚ್ಚಿ, ಎರಡು ಚಾಪೆ ಹಾಸಿ, ಬರಿದಾದ ಚಾಪೆಗೇ ಗೌರಿಯ ಮಹಿಮೆ ಹೇಳಿದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. ಇಬ್ಬನಿ ಆರಲು ಬಹಳ ಹೊತ್ತು ಹಿಡಿಯಿತು. ಮೊದಲ ಹಿಡಿಯನ್ನು ಆ ಚಾಪೆಯ ಮೇಲಿಟ್ಟಳು. ಸಂಜೆಗೆ ಅದು ಅಲ್ಲೇ ಬಾಡಿತ್ತು. ಎರಡನೆಯ ಶುಕ್ರವಾರವೂ ಹಾಗೆಯೇ ಆಯಿತು.

ಮೂರನೆಯ ಶುಕ್ರವಾರ ಕೆಂಪಾಜಿ ಬದುವಿನ ಆಚೆ ಬೆನ್ನು ತಿರುಗಿಸಿ ಕೂತಳು. "ನಿನಗೋಸ್ಕರ ಬಂದಿಲ್ಲ. ನನ್ನ ಬಳ್ಳಿಯದೂ ಇಬ್ಬನಿ ಆರಬೇಕಲ್ಲ." ಸಾವಂತ್ರಿ ಹೇಳುತ್ತಾ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಕೆಂಪಾಜಿ, "ಅತ್ತೆ ಅದನ್ನ ಹಂಗೆ ಹೇಳ್ತಿರಲಿಲ್ಲ. ಮೊದಲಿಂದ ಹೇಳು," ಎನ್ನುತ್ತಾ ಬದು ದಾಟಿ ಚಾಪೆಯ ಮೇಲೆ ಕೂತಳು. ಇಬ್ಬನಿ ಯಾವಾಗ ಆರಿತೋ ಇಬ್ಬರಿಗೂ ತಿಳಿಯಲಿಲ್ಲ. ಮೊದಲ ಹಿಡಿ ಮಡಿಲಿಗೆ ಬಿದ್ದಿತು.

ಉಳಿದ ಸಾಲಿನಿಂದ ಬೀಜವಾಗಿ, ಮರುವರ್ಷ ಹೊಲ ತುಂಬಿ, ಮುರಿದರೆ ಟಕ್ಕೆನ್ನುವ ಕಾಯಿಗೆ ವ್ಯಾಪಾರಿಯೇ ಎದುರು ಬಂದನು.

ಇದನ್ನು ಓದಿದವರಿಗೂ ಕೇಳಿದವರಿಗೂ ಸಾವಂತ್ರಿಗೆ ದೊರೆತದ್ದೇ ದೊರೆಯಲಿ. ಕೇಳಲು ಯಾರೂ ಇಲ್ಲದವರು ಎರಡನೆಯ ಚಾಪೆ ಹಾಸಿ, ಅದಕ್ಕೆ ಕೇಳಿಸುವಂತೆ ಗಟ್ಟಿಯಾಗಿ ಓದಲಿ. ಅವರ ಫಲವೂ ಒಂದು ಕಾಳಿನಷ್ಟೂ ಕಡಿಮೆಯಾಗದು.