ಸಮೀಕ್ಷೆಗೆ ಬಂದ ಹದ್ದು

ಚಂಡಮಾರುತ ದಾಟಿಹೋದ ಬೆಳಿಗ್ಗೆ ಕಡಲ ದಂಡೆಯ ಏಡಿ, ಮುಚ್ಚಿಹೋದ ತನ್ನ ಬಿಲವನ್ನು ಮತ್ತೆ ತೋಡಲು ಶುರುಮಾಡಿತು. ಮರಳನ್ನು ಉಂಡೆ ಕಟ್ಟಿ ಹೊರಗಿಡುತ್ತಿರುವಾಗ, ಗಾಳಿ ಏಳುವ ಮೊದಲೇ ಘಟ್ಟ ಹತ್ತಿ ಕೂತಿದ್ದ ಹದ್ದು ಮರಳಿ ಬಂದು, ಉರುಳಿ ಬಿದ್ದಿದ್ದ ಗಾಳಿಮರವೊಂದರ ಮೇಲೆ ಇಳಿಯಿತು.

"ಏಡಮ್ಮ, ಮೇಲಿನಿಂದ ಇಡೀ ದಂಡೆಯ ಸಮೀಕ್ಷೆ ಮಾಡಿದೆ. ಎಲ್ಲ ಸಮತಟ್ಟಾಗಿ ಚೊಕ್ಕಟವಾಗಿದೆ. ನಷ್ಟವೇನೂ ಇಲ್ಲ," ಎಂದಿತು.

"ಆ ಸಮತಟ್ಟಿನ ಅಡಿಯಲ್ಲೇ ನಮ್ಮ ಮನೆಗಳಿದ್ದವು, ಒಡೆಯಾ," ಎಂದಿತು ಏಡಿ, ಇನ್ನೊಂದು ಉಂಡೆ ಉರುಳಿಸುತ್ತ.

"ಮನೆ ಹೋದರೆ ಇನ್ನೊಂದು ಕಟ್ಟಿಕೊಂಡರಾಯಿತು. ಅಷ್ಟಕ್ಕೆಲ್ಲ ಅಳುಮೋರೆ ಏಕೆ? ಧೈರ್ಯ ಬೇಕು, ಧೈರ್ಯ!"

ಹೊತ್ತು ಇಳಿಯುವವರೆಗೂ ಹದ್ದು ಧೈರ್ಯ ಹೇಳುತ್ತಲೇ ಇತ್ತು. ಏಡಿ ಹೂಂಗುಟ್ಟುತ್ತಲೇ ಬಿಲ ತೋಡಿ ಮುಗಿಸಿತು.

ಇನ್ನು ಗೂಡು ಸೇರೋಣವೆಂದು ಹದ್ದು ರೆಕ್ಕೆ ಕೊಡವಿ ಸುತ್ತಲೂ ಕಣ್ಣಾಡಿಸಿತು. ಅದರ ಮೋರೆ ಸಪ್ಪಗಾಯಿತು.

"ಏಡಮ್ಮ, ನನ್ನ ಗೂಡಿದ್ದ ಮರ ಇಲ್ಲೇ ಎಲ್ಲೋ ಇತ್ತಲ್ಲ?"

"ಈಗಲೂ ಇಲ್ಲೇ ಇದೆ, ಒಡೆಯಾ. ಬೆಳಗಿನಿಂದ ತಾವು ಕೂತಿರುವುದೇ ಅದರ ಮೇಲೆ," ಎಂದಿತು ಏಡಿ, ತನ್ನ ಬಿಲದೊಳಕ್ಕೆ ಇಳಿಯುತ್ತ. "ನಷ್ಟವೇನೂ ಇಲ್ಲ. ಸ್ವಲ್ಪ ಸಮತಟ್ಟಾಗಿದೆ, ಅಷ್ಟೆ."