ಅರಗಿನ ಹದ

ಹೊಳೆಯ ನಡುಗಡ್ಡೆಗೆ ಜೊಂಡು ಕೊಯ್ಯಲು ಹೋಗಿದ್ದ ಏಳು ಜನ ಅಲ್ಲೇ ಸಿಕ್ಕಿಕೊಂಡಿದ್ದರು. ನೀರು ಏರುತ್ತಲೇ ಇತ್ತು.

ಹೊಳೆದಂಡೆಯ ಆಶ್ರಮಕ್ಕಿದ್ದದ್ದು ಒಂದೇ ದೋಣಿ. ಅದರ ತಳ ಕಲ್ಲಿಗೆ ಬಡಿದು ಬಿರುಕು ಬಿಟ್ಟಿತ್ತು. ಶಿಷ್ಯೆ ಶಿವಲೀಲೆ ಅದನ್ನು ದಡಕ್ಕೆಳೆದು ಕವುಚಿ ಹಾಕಿ, ಚೆನ್ನಾಗಿ ಒರೆಸಿ, ಬಿರುಕಿಗೆ ಹೊಯ್ಯಲು ಅರಗು ಕಾಯಿಸತೊಡಗಿದಳು. ಗುರು ಮಹಾಂತಯ್ಯ ಪಕ್ಕದಲ್ಲಿ ಕುಳಿತಿದ್ದರು.

ಅರಗು ಮೆತ್ತಗಾದದ್ದೇ ತಡ, ಹೊಯ್ದಳು. ಅದು ಒಳಗಿಳಿಯದೆ ಬಿರುಕಿನ ಮೇಲೆ ಮುದ್ದೆಯಾಗಿ ಕುಳಿತಿತು.

“ಬಿಸಿ ಸಾಲಲಿಲ್ಲ,” ಎಂದು ಅದನ್ನು ಕೆರೆದು ಬಿಸಾಡಿ, ಒಲೆಗೆ ಸೌದೆ ತುರುಕಿದಳು. ಬೆಂಕಿ ಭುಗಿಲೆಂದಿತು. ಎರಡನೆಯ ಪಾಲಿನ ಅರಗು ನೊರೆಯೆದ್ದು, ಹೊಗೆಯಾಡಿ, ನೋಡನೋಡುತ್ತಿದ್ದಂತೆ ಗಟ್ಟಿಯಾಗಿ ಗಡಿಗೆಗೇ ಕಚ್ಚಿಕೊಂಡಿತು.

“ಗುರುಗಳೇ, ಇಷ್ಟು ಬೆಂಕಿ ಕೊಟ್ಟರೂ ಹರಿಯಲಿಲ್ಲವಲ್ಲ!”

“ಯಾರಿಗೆ ಕೊಟ್ಟೆ?”

“ಅರಗಿಗೆ.”

“ನಿನ್ನ ಗಾಬರಿಗೆ ಕೊಟ್ಟೆ.”

ನಡುಗಡ್ಡೆಯಿಂದ ಕೂಗು ಕೇಳಿಸಿತು. ಉಳಿದದ್ದು ಒಂದೇ ಹಿಡಿ ಅರಗು.

ಶಿವಲೀಲೆ ಬೇರೆ ಗಡಿಗೆ ಇಟ್ಟಳು. ಸೌದೆ ಹಿಂದಕ್ಕೆಳೆದು ಉರಿ ತಗ್ಗಿಸಿದಳು. ಕಡ್ಡಿ ಅದ್ದಿ ಎತ್ತಿ ನೋಡಿದಳು. ಮೊದಲು ಉಂಡೆಯಾಗಿ ಬಂತು. ಕಾದಳು. ದಪ್ಪ ಹಗ್ಗದಂತೆ ಜೋತುಬಿತ್ತು. ಇನ್ನೂ ಕಾದಳು. ಆಮೇಲೆ ಜೇನಿನಂತೆ ಸಣ್ಣ ಎಳೆಯಾಗಿ ಇಳಿಯಿತು.

“ಈಗ ಹೊಯ್ಯಲೇ?”

ಮಹಾಂತಯ್ಯ ಎದ್ದು, ಒಲೆಯ ಕೆಂಡವನ್ನು ಸಟ್ಟುಗದಲ್ಲಿ ತೆಗೆದು, ಬಿರುಕಿನ ಉದ್ದಕ್ಕೂ ಹಲಗೆಗೆ ತಾಗದಂತೆ ಆಡಿಸತೊಡಗಿದರು.

ಶಿವಲೀಲೆ ಹಲಗೆ ಮುಟ್ಟಿ ನೋಡಿದಳು. ಇನ್ನೂ ತಣ್ಣಗಿತ್ತು. ಎಷ್ಟೇ ಹದವಾಗಿ ಕರಗಿದ್ದರೂ ಇಂಥ ಮರಕ್ಕೆ ತಾಗಿದರೆ ಅರಗು ಬಿರುಕಿನ ಬಾಯಲ್ಲೇ ಹೆಪ್ಪುಗಟ್ಟುತ್ತಿತ್ತು.

ಹಲಗೆ ಬೆಚ್ಚಗಾದ ಮೇಲೆ ಹೊಯ್ದಳು. ಅರಗು ಸದ್ದಿಲ್ಲದೆ ಒಳಗಿಳಿದು, ಬಿರುಕಿನ ಈ ತುದಿಯಿಂದ ಆ ತುದಿಯವರೆಗೆ ತುಂಬಿಕೊಂಡಿತು. ಆರಿ ಕಲ್ಲಿನಂತಾಯಿತು.

ದೋಣಿ ನೀರಿಗಿಳಿಯಿತು. ಒಳಗೆ ಒಂದು ಹನಿಯೂ ಬರಲಿಲ್ಲ. ಶಿವಲೀಲೆ ಸೆಳವಿಗೆ ಎದುರಾಗಿ ಹುಟ್ಟು ಹಾಕುತ್ತ ಎರಡು ಸಲ ಹೋಗಿಬಂದಳು. ಏಳೂ ಜನ ದಡ ಸೇರಿದರು. ಜೊಂಡು ಕೊಯ್ಯುವ ನಿಂಬೆವ್ವ ಅವಳನ್ನು ಅನಾಮತ್ತಾಗಿ ಎತ್ತಿಕೊಂಡು, “ನನ್ನವ್ವಾ, ಗೆದ್ದುಬಿಟ್ಟೆ!” ಎಂದು ಕುಣಿದಳು. ದಡದ ತುಂಬ ಕೇಕೆ.

ಶಿವಲೀಲೆ ಏದುಸಿರು ಬಿಡುತ್ತ ಗುರುಗಳ ಬಳಿಗೆ ಓಡಿಬಂದಳು.

“ಗುರುಗಳೇ, ಅಂಥ ಸೆಳವಿನಲ್ಲೂ ಅರಗು ಒಂಚೂರೂ ಕದಲಲಿಲ್ಲ!”

ಮಹಾಂತಯ್ಯ ನಕ್ಕರು.

“ಹರಿಯುವಾಗ ಪೂರ್ತಿ ಹರಿದಿತ್ತಲ್ಲ, ಮಗಳೇ.”