ಅತ್ತಿ ತನ್ನ ಹೂವನ್ನು ಒಳಗೆ ಬಚ್ಚಿಟ್ಟುಕೊಂಡದ್ದು

ಅತ್ತಿಯ ಮರ ಹೊರಗೆ ಹೂ ಬಿಟ್ಟದ್ದನ್ನು ಕಣ್ಣಾರೆ ಕಂಡವರು ಈ ಲೋಕದಲ್ಲಿ ಮೂರೇ ಮಂದಿ. ಒಬ್ಬ ಬೈರಾಗಿ, ಅವನು ಹಿಮಾಲಯಕ್ಕೆ ಹೋದವನು ತಿರುಗಿ ಬರಲಿಲ್ಲ. ಇನ್ನೊಂದು ಕುಂಟೆತ್ತು; ಅದು ಸತ್ತು ನಲವತ್ತು ವರ್ಷವಾಯಿತು. ಮೂರನೆಯವನು ಅಂಬಿಗರ ದುರುಗಜ್ಜ.

"ಎತ್ತಾದ್ರೂ ಅದು ಸುಳ್ಳು ಹೇಳೋ ಎತ್ತಲ್ಲ. ಇದ್ದಿದ್ರ ಕೇಳಬಹುದಿತ್ತು," ಎನ್ನುತ್ತಿದ್ದ ದುರುಗಜ್ಜ.

ಆವತ್ತು ಅವನು ತುಂಗಭದ್ರೆಯ ದಂಡೆಯಲ್ಲಿ ಹರಿಗೋಲನ್ನು ಬೋರಲು ಹಾಕಿ, ಅದರ ತಳಕ್ಕೆ ಡಾಂಬರು ಬಳಿಯುತ್ತಾ ಕೂತಿದ್ದ. ಮೊಮ್ಮಗಳು ಹುಲಿಗೆವ್ವ ಅತ್ತಿಮರದ ಬುಡದಲ್ಲಿ ಒಂದು ಕೆಂಪು ಹಣ್ಣು ಆರಿಸಿಕೊಂಡು ಎರಡು ಹೋಳು ಮಾಡಿದಳು.

"ಥೂ! ಅಜ್ಜಾ, ಬರೇ ಹುಳ!"

"ಏ, ಎಸೀಬ್ಯಾಡ!" ಅಜ್ಜ ಕೂಗಿದ. "ಅವು ಹುಳ ಅಲ್ಲವ್ವ, ಆ ಮನೀ ಮಕ್ಕಳು. ಯಾರ ಮಕ್ಕಳು ಅಂತ ಗೊತ್ತೇನು ನಿನಗ?"

ಹುಲಿಗೆವ್ವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೇ ತಡ, ದುರುಗಜ್ಜನಿಗೆ ಅಷ್ಟೇ ಬೇಕಿತ್ತು.

ಲೋಕ ಆಗಿನ್ನೂ ಹಸಿ ಗಡಿಗೆ. ಮುಟ್ಟಿದರೆ ಬೆರಳು ಮೂಡುತ್ತಿತ್ತು. ಯಾವ ಕಡೆ ಹರಿಯಬೇಕೆಂದು ತಿಳಿಯದೆ ಹೊಳೆ ಸಿಕ್ಕ ಸಿಕ್ಕ ಕಲ್ಲನ್ನು ದಾರಿ ಕೇಳುತ್ತಿತ್ತು. ಗಾಳಿ ಇನ್ನೂ ಅಂಬೆಗಾಲಿಡುತ್ತಿತ್ತು.

ಆಗ ಗಿಡಮರಗಳಿಗೆಲ್ಲ ಹೂ ಹಂಚಿದರು. ಬೇವಿಗೆ ಹಿಡಿಯಷ್ಟು ಪುಡಿ ಹೂ. ಮುತ್ತುಗಕ್ಕೆ ಕೆಂಡದ ಹೂ. ಅತ್ತಿಯ ಪಾಲಿಗೆ ಬಂದದ್ದು ಮೊರದಗಲದ ಹೂ. ಹೊರಗೆಲ್ಲ ಹಾಲಿನ ಬಣ್ಣ, ಒಳಗೆ ಮದರಂಗಿ ಹಚ್ಚಿದ ಅಂಗೈಯ ಬಣ್ಣ. ಕೊಂಬೆಯ ತುದಿತುದಿಗೂ ಅರಳಿ ನಿಂತಿತು.

ಹೂವೇನೋ ಅರಳಿತು. ನೋಡಲಿಕ್ಕೆ ಯಾರೂ ಬರಲಿಲ್ಲ. ಅತ್ತಿಯ ಮನೆ ಹೊಳೆಯ ನಡುಗಡ್ಡೆಯಲ್ಲಿ. ಅಲ್ಲೊಂದು ಮರವಿದೆ ಅನ್ನುವುದೇ ಊರಿಗೆ ಗೊತ್ತಿಲ್ಲ. ಅತ್ತಿ ಒಂದು ದಿನ ಕಾದಳು. ಎರಡು ದಿನ ಕಾದಳು. ಮೂರನೆಯ ದಿನ, ದೀಪ ಹಚ್ಚುವ ಹೊತ್ತಿಗೆ, ಎಳ್ಳುಕಾಳಿನಷ್ಟು ಸಣ್ಣದೊಂದು ಕಡಜ ಹಾರಿ ಬಂತು.

"ಅಕ್ಕಾ, ಒಳಗ ಬರ್ಲೇನು?"

"ಯಾರವ್ವ ನೀ? ಕಣ್ಣಿಗೇ ಕಾಣವಲ್ಲಿ."

"ಆಚೀ ದಂಡಿ ಅತ್ತಿ ಕಳಿಸ್ಯಾಳ. ನಿನಗ ಅಂತ ಅರಿಷಿಣ ಕೊಟ್ಟಾಳ."

ಹೌದು, ಕಡಜದ ಕಾಲಿಗೆ ಹೂವಿನ ಹಳದಿ ಪುಡಿ ಮೆತ್ತಿತ್ತು. ಮುತ್ತೈದೆಯರು ಮನೆಯಿಂದ ಮನೆಗೆ ಅರಿಷಿಣ ಕೊಟ್ಟು ಕಳಿಸುವುದು ಆಗ ಗಿಡಮರಗಳಲ್ಲೂ ಇತ್ತು. ಆ ಅರಿಷಿಣ ಬಂದರೇನೇ ಮರ ಕಾಯಿ ಕಟ್ಟುವುದು. ಅತ್ತಿಯ ಅರಿಷಿಣ ಹೊರಲು ಹೊಳೆ ದಾಟಿ ಬರುವ ಜೀವ ಇದೊಂದೇ.

ಅಂದಿನಿಂದ ಕಡಜ ದಿನಾ ಬಂತು. ಆಚೆಯ ಸುದ್ದಿ ಈಚೆಗೆ ತಂತು, ಈಚೆಯ ಸುದ್ದಿ ಆಚೆಗೆ ಒಯ್ದಿತು. ಅತ್ತಿ ನಕ್ಕಳು, ಕಡಜ ನಕ್ಕಿತು. ಅಕ್ಕ ಒಬ್ಬಳೇ ಇದ್ದಾಳಲ್ಲ ಎಂದು ಕಡಜಕ್ಕೆ ಕರುಳು ಚುರ್ರೆಂದಿತು. ಚಿಟ್ಟೆಗೆ ಹೇಳಿತು, ಜೇನಿಗೆ ಹೇಳಿತು, ಸೂರಕ್ಕಿಗೆ ಹೇಳಿತು: "ನಡುಗಡ್ಡ್ಯಾಗ ನಮ್ಮಕ್ಕ ಇದ್ದಾಳ್ರೀ. ಆಕೀ ಹೂವ ನೋಡಿದ್ರ ನಿಮ್ಮ ಹಸಿವ ಹೋಕ್ಕತಿ."

ಬಂದರು ನೋಡು ಮಂದಿ! ಹೊಳೆಯ ಮೇಲೆ ಬಣ್ಣದ ಚಪ್ಪರ ಹಾಕಿದಂತೆ ಬಂದರು. "ಎಂಥಾ ಹೂವವ್ವ! ಎಂಥಾ ಹೂವವ್ವ!" ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆ ಅತ್ತಿಯ ಬೇರಿಗೆ ಇಳಿಯಲಿಲ್ಲ, ನೆತ್ತಿಗೆ ಏರಿತು. ಕಡಜ ಬಂದು ಮೂಲೆಯಲ್ಲಿ ಕೂರುತ್ತಿತ್ತು. ಅತ್ತಿ ಮಾತಾಡಿಸುತ್ತಿದ್ದಳು, ಇಲ್ಲವೆಂದಲ್ಲ. ಬರಬರುತ್ತಾ ಯಾರೂ ನೋಡದಾಗ ಮಾತಾಡಿಸುತ್ತಿದ್ದಳು.

ಆ ಕಾಲದ ಹೂಗಳಿಗೆಲ್ಲ ಒಂದು ಕಟ್ಟಳೆಯಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲು ಮುಚ್ಚಬಾರದು. ಆಗ ಬಂದವರು ಯಾರೇ ಆಗಲಿ, ಒಳಗೆ ಕರೆಯಬೇಕು.

ಒಂದು ದಿನ ಜೇನುರಾಣಿ ತನ್ನ ದಿಬ್ಬಣ ಕಟ್ಟಿಕೊಂಡು ಅತ್ತಿಯ ಮನೆಗೆ ಬಂದಳು. ಅವಳು ಬಂದು ಕೂತಳೋ ಇಲ್ಲವೋ, ಮುಂಗಾರಿನ ಮೊದಲ ಮಳೆ ಹಿಡಿಯಿತು. ದೀಪ ಹಚ್ಚುವ ಹೊತ್ತಾಯಿತು. ಎಸಳಿನಾಚೆ ಸಣ್ಣ ದನಿ ಕೇಳಿತು.

"ಅಕ್ಕಾ, ನಾ. ಅರಿಷಿಣ ತಂದೀನಿ. ರೆಕ್ಕಿ ತೊಯ್ದಾವ, ಲಗೂನ ಒಳಗ ಕರಿ."

ಜೇನುರಾಣಿ ಇಣುಕಿ ನೋಡಿ ಮೂಗು ಮುರಿದಳು. "ಏನವ್ವ, ನಿಮ್ಮನಿಗೆ ಇಂಥವ್ರೂ ಬರ್ತಾರೇನು? ನಿಮ್ಮ ಕಳ್ಳುಬಳ್ಳಿಯೇನು ಈಕಿ?"

ದಿಬ್ಬಣವೆಲ್ಲ ಅತ್ತಿಯ ಮುಖ ನೋಡಿತು. ಅತ್ತಿಗೆ ಮೈಯೆಲ್ಲ ನಾಚಿಕೆಯಾಯಿತು.

"ಯಾರೋ ಏನೋ. ನನಗ ಗುರುತಿಲ್ಲ," ಎಂದಳು. ಎಂದು ಎಸಳು ಮುಚ್ಚಿದಳು.

"ಹಂಗಂದ್ಲಾ!" ಹುಲಿಗೆವ್ವ ಬಾಯಿ ತೆರೆದಳು. "ದಿನಾ ಬರೋ ಆಕೀಗೆ?"

"ಅಂದ್ಲು." ದುರುಗಜ್ಜ ಡಾಂಬರಿನ ಕುಂಚ ಕೆಳಗಿಟ್ಟ. "ಬಾಯಿಂದ ಜಾರಿದ ಮಾತು, ಕೈಯಿಂದ ಜಾರಿದ ಹುಟ್ಟು, ಎರಡೂ ಒಂದ. ಹೊಳಿ ತಿರುಗಿ ಕೊಡೂದಿಲ್ಲ."

ಮಾತು ಆಡಿದ ಮೇಲೆ ಅತ್ತಿಗೆ ತೆರೆಯಬೇಕು ಅನಿಸಿತು. ಆದರೆ ಈಗ ತೆರೆದರೆ ಗುರುತಿಲ್ಲ ಅಂದದ್ದು ಸುಳ್ಳಾಗುತ್ತದಲ್ಲ! ರಾಣಿ ಹೋಗಲಿ, ಆಮೇಲೆ ಕರೆದರಾಯಿತು. ಮಳೆ ನಿಲ್ಲಲಿ, ಆಮೇಲೆ ಕರೆದರಾಯಿತು.

ರಾಣಿ ಹೋಗಲಿಲ್ಲ. ಮಳೆ ನಿಲ್ಲಲಿಲ್ಲ.

ಅಂಬೆಗಾಲಿನ ಗಾಳಿ ಬಂದು ಎಸಳು ಬಡಿಯಿತು. "ಅತ್ತಿಯವ್ವಾ, ತೆರಿ. ಆಕಿ ನಡಗಾಕತ್ತ್ಯಾಳ."

"ತಡಿಯಪ್ಪ, ಒಂದೀಟು ತಡಿ," ಎಂದಳು ಅತ್ತಿ, ರಾಣಿಗೆ ಕೇಳಿಸದ ಹಾಗೆ.

ಮಳೆ ನಿಂತಾಗ ಬೆಳಕು ಹರಿದಿತ್ತು. ಜೇನುರಾಣಿ, ನಿಮ್ಮನೆ ಸೋರುತ್ತದೆ ಎಂದು ಆಡಿಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಎದ್ದು ಹೋದಳು. ಅತ್ತಿ ಎಸಳು ತೆರೆದು ಕರೆದಳು. "ತಂಗೀ, ಬಾರವ್ವ." ಎಸಳಿನ ಅಂಚಿಗೆ ಎರಡು ರೆಕ್ಕೆ ಅಂಟಿಕೊಂಡಿದ್ದವು. ರೆಕ್ಕೆ ಅಷ್ಟೇ.

ಅತ್ತಿ ಹೊಳೆಯನ್ನು ಕೇಳಿದಳು. "ನನ್ನ ತಂಗೀನ ಕಂಡಿಯೇನು?"

"ನನ್ನ ನೀರಾಗ ಬಿದ್ದಿಲ್ಲವ್ವ," ಎಂದಿತು ಹೊಳೆ.

ಗಾಳಿಯನ್ನು ಕೇಳಿದಳು. ಗಾಳಿ ಅಳುತ್ತಾ ಹೇಳಿತು. "ನಿನ್ನ ಬಾಗಿಲ ಸಂದ್ಯಾಗ ತೂರಿದ್ಲು. ನಾ ಹಿಂದಿನಿಂದ ದೂಡಿದೆ. ರೆಕ್ಕಿ ಕಿತ್ತು ಬಂದ್ವು, ಆದ್ರೂ ಹೋದ್ಲು. ಅರಿಷಿಣ ಮುಟ್ಟಿಸಬೇಕು ಅಂದ್ಲು."

ಅತ್ತಿ ಆಗ ತನ್ನೊಳಗೇ ನೋಡಿಕೊಂಡಳು. ಹೂವಿನ ತಳದಲ್ಲಿ, ಯಾರ ಕಾಲೂ ತಾಗದ ಜಾಗದಲ್ಲಿ, ಕಡಜ ಮಲಗಿತ್ತು. ಹೂವಿನ ಎಳೆಎಳೆಗೂ ಅರಿಷಿಣ ಹಚ್ಚಿತ್ತು. ಅದರ ಕಾಲಲ್ಲಿ ಒಂದು ಚಿಟಿಕೆಯೂ ಉಳಿದಿರಲಿಲ್ಲ. ಪಕ್ಕದಲ್ಲಿ ದೂಳಿನಷ್ಟು ಸಣ್ಣ ಮೊಟ್ಟೆಗಳಿದ್ದವು. ಮುಟ್ಟಿ ನೋಡಿದಳು. ತಂಗಿಯ ಮೈ ತಣ್ಣಗಿತ್ತು.

ಸಾಯುವ ಮುಂಚೆ ಕಡಜ ಒಂದು ಮಾತು ಹೇಳಿತ್ತು. "ನೀ ಬೇಕಂತ ಮಾಡಿಲ್ಲ ಅಕ್ಕಾ, ನನಗ ಗೊತ್ತೈತಿ." ಆ ಮಳೆಯ ಸದ್ದಿನಲ್ಲಿ ಅದು ಅತ್ತಿಗೆ ಕೇಳಿಸಲಿಲ್ಲ. ಗಾಳಿಗೂ ಕೇಳಿಸಲಿಲ್ಲ. ಯಾರಿಗೂ ಕೇಳಿಸಲಿಲ್ಲ.

ಅತ್ತಿ ಮತ್ತೆ ಎಸಳು ಮುಚ್ಚಿಕೊಂಡಳು. ಸಂಜೆಗೆ ಜೇನುರಾಣಿ ಮತ್ತೆ ಬಂದಳು. "ಏನವ್ವ, ಇನ್ನೂ ಹೂವ ತೆರೆದಿಲ್ಲ?"

"ಮನ್ಯಾಗ ಸಾವಾಗೈತಿ," ಎಂದಳು ಅತ್ತಿ.

"ಯಾರು ಸತ್ತ್ರು?"

"ನನ್ನ ತಂಗಿ," ಎಂದಳು ಅತ್ತಿ. ಹಿಂದಿನ ಸಂಜೆ ಹೇಳಬೇಕಾಗಿದ್ದ ಮಾತು ಅದು.

ಆಮೇಲೆ ಅತ್ತಿ ಕೊಂಬೆಯ ತುದಿಗಳಿಂದ ಹೂಗಳನ್ನೆಲ್ಲ ಹಿಂದಕ್ಕೆ ಕರೆದಳು. ಅವುಗಳ ಮುಖವನ್ನು ಒಳಗೆ ತಿರುಗಿಸಿದಳು. ಎಸಳುಗಳನ್ನು ಚೀಲದ ಹಾಗೆ ಮಡಚಿ, ಕೂಸನ್ನು ಅವಚಿಕೊಳ್ಳುವಂತೆ ತನ್ನ ಬೊಡ್ಡೆಗೆ ಅವಚಿಕೊಂಡಳು. ಒಂದೊಂದು ಚೀಲಕ್ಕೂ ಎಳ್ಳುಕಾಳಿನಷ್ಟೇ ಒಂದು ಬಾಗಿಲು ಬಿಟ್ಟಳು. "ಆಕೀ ಮಕ್ಕಳು ಯಾವ ಹೊತ್ತಿಗೆ ಬಂದ್ರೂ ಬರ್ಲಿ. ಇನ್ನ ಮುಚ್ಚೂದಿಲ್ಲ," ಎಂದಳು.

ಮಕ್ಕಳು ಬೆಳೆದರು, ಆಚೆ ದಂಡೆಗೆ ಹಾರಿದರು, ಅರಿಷಿಣ ಹೊತ್ತು ತಿರುಗಿ ಬಂದರು. ಆದರೆ ಬಾಗಿಲು ಎಷ್ಟು ಸಣ್ಣದೆಂದರೆ, ನುಸುಳುವಾಗ ಅವರ ರೆಕ್ಕೆಗಳೂ ಹೊಸ್ತಿಲಲ್ಲೇ ಮುರಿದು ಬಿದ್ದವು.

ಹೊಳೆ ಕೇಳಿತು, "ಬಾಗಿಲ ಒಂಚೂರು ಅಗಲ ಮಾಡಬಾರದೇನವ್ವ?"

"ಅಗಲ ಮಾಡಿದ್ರ ಮತ್ತ ದೊಡ್ಡವ್ರು ಬಂದು ಕುಂದರ್ತಾರ," ಎಂದಳು ಅತ್ತಿ. "ಅವ್ರ ಮುಂದ ನಾ ಮತ್ತ ಏನು ಅಂದೇನೋ. ನನ್ನ ಮ್ಯಾಲ ನನಗ ನಂಬಿಕಿಲ್ಲ."

ಅಂದು ಆದದ್ದು ಅಂದಿಗೇ ಮುಗಿಯಲಿಲ್ಲ. ಅದಕ್ಕೇ ಇವತ್ತಿಗೂ ಆ ಮೂವರನ್ನು ಬಿಟ್ಟರೆ ಅತ್ತಿಯ ಹೂವನ್ನು ಕಂಡವರಿಲ್ಲ, ಅತ್ತಿಯ ಹಣ್ಣು ಕೊಂಬೆಯ ತುದಿ ಬಿಟ್ಟು ಬೊಡ್ಡೆಗೇ ಅಂಟಿಕೊಂಡಿರುತ್ತದೆ, ಒಡೆದು ನೋಡಿದರೆ ಸಾವಿರ ಎಳೆ ಹೂವು ಒಳಮುಖವಾಗಿ ಕೂತಿರುತ್ತವೆ, ಅವುಗಳ ನಡುವಿನಿಂದ ಎಳ್ಳಿನಷ್ಟು ಕಡಜಗಳು ಎದ್ದು ಹಾರುತ್ತವೆ.

ಹುಲಿಗೆವ್ವ ಹಣ್ಣನ್ನು ಎಸೆದಿರಲಿಲ್ಲ. ಒಂದು ಹುಳ ಅವಳ ಹೆಬ್ಬೆರಳು ಹತ್ತಿ, ರೆಕ್ಕೆ ಒಣಗಿಸಿಕೊಂಡು, ಹೊಳೆಯ ಆಚೆ ದಂಡೆಯ ಕಡೆ ಹಾರಿತು. ಅದು ಮರೆಯಾಗುವತನಕ ಅವಳು ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಅಜ್ಜಾ, ಕಡಜ ಸಾಯುವಾಗ ಅಂದಿದ್ದು ಅತ್ತಿಗೆ ಕೇಳಲಿಲ್ಲ ಅಂದಿ."

"ಕೇಳಲಿಲ್ಲ."

"ಗಾಳಿಗೂ?"

"ಗಾಳಿಗೂ."

"ಯಾರಿಗೂ?"

"ಯಾರಿಗೂ ಇಲ್ಲವ್ವ. ಅದ ನೋಡು ಸಂಕಟ."

"ಕಡಜ ನೋಡಿದ್ರ ಸತ್ತುಹೋತು. ಹಂಗಾರ ಆ ಮಾತು ನಿನಗ ಹೇಳಿದವ್ರು ಯಾರು?"

ದುರುಗಜ್ಜ ಹರಿಗೋಲು ನೋಡಿದ. ಹೊಳೆ ನೋಡಿದ. ಮರದ ಕಡೆ ಮಾತ್ರ ನೋಡಲಿಲ್ಲ.

"ಹಂಗ ಅಂದಿರಬೇಕು ಬಿಡವ್ವ," ಎಂದು ಭುಜ ಕುಣಿಸಿ, ಡಾಂಬರಿನ ಕುಂಚ ಎತ್ತಿಕೊಂಡ.